ನಮ್ಮಲ್ಲಿ ಏನೇನಿದೆ ಎಂಬ ಒಂದೂವರೆ ಪುಟ

ಕಾಲೇಜಿನ ಪ್ರಯೋಗಾಲಯಗಳಿಗೆ ಹೊಸದಾಗಿ ಸೇರುವವರಿಗೆ ಯಾರೂ ಮೊದಲೇ ಹೇಳದ ಒಂದು ಕೆಲಸವಿದೆ. ಸಂಶೋಧನೆಗೆ ಅನುದಾನ ಕೇಳಿ ಅರ್ಜಿ ಹಾಕುವಾಗ ಅದರ ಕೊನೆಯಲ್ಲಿ ‘ಸಂಸ್ಥೆಯಲ್ಲಿ ಲಭ್ಯವಿರುವ ಸೌಲಭ್ಯಗಳು’ ಎಂಬ ಭಾಗ ಬರುತ್ತದೆ. ಉದ್ದೇಶ, ವಿಧಾನ, ಫಲಿತಾಂಶ ಎಲ್ಲವನ್ನೂ ಡಾಕ್ಟರೇಟ್ ಮಾಡಿದವರು ಬರೆಯುತ್ತಾರೆ. ಈ ಭಾಗಕ್ಕೆ ಬಂದಾಗ ಮಾತ್ರ ತಲೆಯೆತ್ತಿ ಸುತ್ತ ನೋಡಿ, “ಅದೊಂದು ನೀವೇ ಬರೆದುಬಿಡಿ” ಎಂದು ಕೈಗೆ ಸಿಕ್ಕವರಿಗೆ ದಾಟಿಸುತ್ತಾರೆ. ಶಿರಸಿಯ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಹಾಗೆ ಕೈಗೆ ಸಿಕ್ಕವಳು ನಾನು. ಸೇವೆಗೆ ಸೇರಿದ ಮೂರನೇ ವಾರಕ್ಕೆ ಸಿಕ್ಕಿದೆ, ನಿವೃತ್ತಿಯ ದಿನದವರೆಗೆ ಬಿಡಿಸಿಕೊಳ್ಳಲಾಗಲಿಲ್ಲ.

ನಾನು ಸಿದ್ದಾಪುರ ತಾಲೂಕಿನ ಮನ್ಮನೆಯವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಏಳನೇ ಇಯತ್ತೆ ದಾಟಿದವರಿಲ್ಲ. ಬಿ.ಎಸ್ಸಿ.ಯ ಕೊನೆಯ ವರ್ಷಕ್ಕೆ ಎರಡು ಸಲ ಕುಳಿತು ಪಾಸಾದೆ. ಇದನ್ನು ಮುಚ್ಚಿಡುವುದಿಲ್ಲ. ಒಂದೇ ಸಲಕ್ಕೆ ಪಾಸಾದವರು ಮರೆತದ್ದೆಲ್ಲ ನನಗೆ ಈಗಲೂ ನೆನಪಿದೆ. ಪ್ರಯೋಗಾಲಯದ ಸಹಾಯಕಿಯಾಗಿ ನೇಮಕವಾದಾಗ ಅಪ್ಪ ಊರೆಲ್ಲ ಹೇಳಿಕೊಂಡು ಬಂದ. ಆಮೇಲೆ ಒಂದು ದಿನ ಮೆಲ್ಲಗೆ ಕೇಳಿದ:

“ಅಲ್ಲ ಮಗಾ, ಕಾಲೇಜಲ್ಲಿ ನೀ ಮಾಡೂ ಕೆಲ್ಸ ಎಂತ?”

“ಈಗ ಸದ್ಯಕ್ಕೆ, ನಮ್ಮಲ್ಲಿ ಎಂತೆಂತ ಇದೆ ಅಂತ ಬರಿಯೂದು ಅಪ್ಪಾ.”

“ಅದ್ಕೆ ಡಿಗ್ರಿ ಬೇಕಾಯ್ತಾ? ನಮ್ಮನೇಲಿ ಎಂತೆಂತ ಇದೆ ಅಂತ ನಾ ಕಣ್ಮುಚ್ಚಿ ಹೇಳ್ತೆ.”

ಡಿಗ್ರಿ ಇದ್ದೂ ಆ ಕೆಲಸ ಬರುವುದಿಲ್ಲ ಎಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ.

ಆಗ ನಮ್ಮ ವಿಭಾಗದಲ್ಲಿದ್ದ ಏಕೈಕ ಅಧ್ಯಾಪಕರು ಹೆಗಡೆ ಸರ್. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿಯ ಹುಚ್ಚು ಅವರಿಗೆ. ಹಳ್ಳದ ಅಂಚಿನ ಹಳೆಯ ಮಾವಿನ ಮರಗಳ ಮಿಡಿಗಳಲ್ಲಿ ಕೆಲವು ಉಪ್ಪುನೀರಿನಲ್ಲಿ ಮೂರು ವರ್ಷವಾದರೂ ಗಟ್ಟಿಯಾಗಿರುತ್ತವೆ, ಕೆಲವು ಆರು ತಿಂಗಳಿಗೇ ಮೆತ್ತಗಾಗುತ್ತವೆ. ಏಕೆ ಹೀಗೆ ಎಂದು ಪರೀಕ್ಷಿಸಬೇಕು, ಒಳ್ಳೆಯ ಮರಗಳು ಬಿದ್ದುಹೋಗುವ ಮೊದಲು ಕಸಿ ಕಟ್ಟಬೇಕು ಎಂಬುದು ಅವರ ಯೋಜನೆ. ಅರ್ಜಿಯ ಉಳಿದ ಭಾಗಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ಶುದ್ಧಪ್ರತಿ ಬರೆಯುವಾಗ ನನ್ನ ಬಾಯಲ್ಲಿ ನೀರೂರುತ್ತಿತ್ತು.

ಸೌಲಭ್ಯಗಳ ಭಾಗಕ್ಕೆ ನಾನು ಮಾಡಿದ್ದಿಷ್ಟೆ. ಕಪಾಟಿನಲ್ಲಿದ್ದ, ವಿಭಾಗದ ಸಾಮಾನನ್ನೆಲ್ಲ ದಾಖಲಿಸುವ ಡೆಡ್‌ಸ್ಟಾಕ್ ರಿಜಿಸ್ಟರನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿದೆ. ಹನ್ನೊಂದು ಪುಟವಾಯಿತು. ಸೂಕ್ಷ್ಮದರ್ಶಕ ಎಂಟು, ಸ್ಟೂಲು ಇಪ್ಪತ್ನಾಲ್ಕು, ಬಕೆಟ್ಟು ಎರಡು, ಇಲಿ ಬೋನು ಮೂರು, ಗೋಡೆ ಗಡಿಯಾರ ಒಂದು (ನಿಂತಿದೆ). ಒಂದನ್ನೂ ಬಿಟ್ಟಿಲ್ಲ ಎಂಬ ಹೆಮ್ಮೆ ನನಗೆ. ಅರ್ಜಿ ತಿರುಗಿ ಬಂತು. ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು: ‘ಇಲಿ ಬೋನಿಗೂ ಮಾವಿನ ಮಿಡಿಗೂ ಏನು ಸಂಬಂಧ?’

ಹೆಗಡೆ ಸರ್ ಅದನ್ನು ಓದಿ ನಕ್ಕರು. “ಮಿಡಿ ಇಟ್ಟ ಕೋಣೆಗೆ ಇಲಿ ಬರ್ತದೆ ಅಂತ ಉತ್ತರ ಬರೆಯಿರಿ,” ಎಂದರು. ಪ್ರಾಚಾರ್ಯರು ನಗಲಿಲ್ಲ.

ಅವರಿಗೆ ನಗು ಬಾರದೆ ಇದ್ದದ್ದಕ್ಕೆ ಕಾರಣವಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಂಪ್ಯೂಟರ್ ಕಲಿಸದ ಕಾಲೇಜಿಗೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಪಾಲಕರು ಬಾಗಿಲಿಗೆ ಬಂದು ಹೇಳುತ್ತಿದ್ದರು. ಸಸ್ಯಶಾಸ್ತ್ರಕ್ಕೆ ಬರುವ ವಿದ್ಯಾರ್ಥಿಗಳು ಒಂದು ಜೀಪಿನಲ್ಲಿ ಹಿಡಿಸುವಷ್ಟು. ಇಡೀ ಕಟ್ಟಡದಲ್ಲಿ ದೊಡ್ಡ ಕೋಣೆ, ಒಳ್ಳೆಯ ಬೆಳಕಿನ ಕೋಣೆ ನಮ್ಮ ಪ್ರಯೋಗಾಲಯ. ಆಡಳಿತ ಮಂಡಳಿಯವರ ಕಣ್ಣು ಅದರ ಮೇಲೆ ಬಿದ್ದಿತ್ತು. ಬೇಸಿಗೆ ರಜೆಯ ಒಳಗೆ ಹೊರಗಿನ ಯೋಜನೆಯೊಂದು ಬಂದರೆ ಪ್ರಯೋಗಾಲಯ ಉಳಿಯುತ್ತದೆ, ಇಲ್ಲವಾದರೆ ಜೂನಿನಿಂದ ಅದು ಕಂಪ್ಯೂಟರ್ ಕೋಣೆ ಎಂದು ತೀರ್ಮಾನವಾಯಿತು. ನಾವು ನಮ್ಮ ಗಾಜಿನ ಸಾಮಾನು ಕಟ್ಟಿಕೊಂಡು ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಬೇಕು.

“ಈ ಸಲ ಸರಿಯಾಗಿ ಬರೆಯಿರಿ ಗಿರಿಜಾ ಅವ್ರೇ,” ಎಂದರು ಪ್ರಾಚಾರ್ಯರು. “ಇನ್‌ಕ್ಯುಬೇಟರ್ ಇದೆ, ಎಲೆಕ್ಟ್ರಾನಿಕ್ ತಕ್ಕಡಿ ಇದೆ ಅಂತ ಹಾಕಿ.”

“ಅವೆರಡೂ ನಮ್ಮಲ್ಲಿಲ್ಲ ಸರ್.”

“ಇಲ್ಲ ಅಂತ ಹೇಳೋಕೆ ಅರ್ಜಿ ಯಾಕ್ರೀ? ಸಿದ್ದಾಪುರದಲ್ಲಿ ಇನ್‌ಕ್ಯುಬೇಟರ್ ಇದೆ, ಯಲ್ಲಾಪುರದಲ್ಲಿ ತಕ್ಕಡಿ ಇದೆ. ಬೇಕಾದಾಗ ತರ್ತೇವಪ್ಪ. ಮದುವೆ ಮನೆಯವ್ರು ಪಾತ್ರೆ ಎಲ್ಲ ಸ್ವಂತದ್ದೇ ಇಟ್ಕೊಂಡಿರ್ತಾರಾ?”

ಈ ಮಾತಿನಲ್ಲಿ ನನಗೆ ಆಗ ತಪ್ಪು ಕಾಣಲಿಲ್ಲ. ಮೂರು ತಾಲೂಕಿನ ಮೂರು ಕಾಲೇಜುಗಳೂ ಹಾಗೆಯೇ ನಡೆಯುತ್ತಿದ್ದವು. ಯಾರ ಕಾಲೇಜಿಗೆ ತಪಾಸಣೆಯೋ ಅವರ ಕಾಲೇಜಿಗೆ ಮಿಕ್ಕಿಬ್ಬರ ಸಾಮಾನು ಬಸ್ಸು ಹತ್ತಿ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಅದೇ ಕಂಡಕ್ಟರನ ಕೈಯಲ್ಲಿ ವಾಪಸ್ಸು. ಬೇಡಿದರೆ ಕೊಡುತ್ತಾರೆ ಎಂದ ಮೇಲೆ ನಮ್ಮಲ್ಲಿ ಇದ್ದ ಹಾಗೇ ಅಲ್ಲವೆ? ಬರೆದೆ. ಇನ್‌ಕ್ಯುಬೇಟರ್: ಇದೆ. ಎಲೆಕ್ಟ್ರಾನಿಕ್ ತಕ್ಕಡಿ: ಇದೆ. ‘ಇದೆ’ ಎಂದು ಬರೆಯುವುದು ಎಷ್ಟು ಸುಲಭವೆಂದರೆ, ನಾಲ್ಕು ಸಲ ಬರೆದ ಮೇಲೆ ಐದನೆಯದಕ್ಕೆ ಕೈ ತಾನೇ ಓಡುತ್ತದೆ.

ಈ ಸಲ ಅರ್ಜಿ ತಿರುಗಿ ಬರಲಿಲ್ಲ. ಅದರ ಬದಲು, ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಸ್ಥಳ ಪರಿಶೀಲನೆಗೆ ಬರುತ್ತಾರೆಂಬ ಪತ್ರ ಬಂತು.

ಸಾಮಾನು ತರುವ ಹೊಣೆ ನಮ್ಮ ಅಟೆಂಡರ್ ಮಾಬ್ಲನದು. ಹೆಸರು ಮಹಾಬಲೇಶ್ವರ, ಆದರೆ ಆ ಉದ್ದದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಇನ್‌ಕ್ಯುಬೇಟರನ್ನು ಸಿದ್ದಾಪುರದಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅದಕ್ಕೂ ಒಂದು ಟಿಕೆಟ್ ತೆಗೆಸಿ ತಂದ. ತಕ್ಕಡಿಯನ್ನು ಯಲ್ಲಾಪುರದಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದ. ಎರಡನ್ನೂ ಒರೆಸಿ, ಮೇಜಿನ ಮೇಲಿಟ್ಟು, “ಅಕ್ಕಾ, ನಮ್ಮ ಲ್ಯಾಬು ಈಗ ಮದುಮಗನ ಹಾಗೆ ಕಾಣ್ತದೆ ನೋಡಿ,” ಎಂದ.

ಬಂದವರು ಬಿಳಿ ಕೂದಲಿನ ಮೇಡಂ. ಮಾತು ಕಡಿಮೆ. ಪ್ರಾಚಾರ್ಯರು ಹಾರ ಹಾಕಲು ಹೋದರೆ ಅದನ್ನು ಕೈಯಲ್ಲೇ ತೆಗೆದುಕೊಂಡು ಕುರ್ಚಿಯ ಬೆನ್ನಿಗೆ ಹಾಕಿದರು. ನೇರ ತಕ್ಕಡಿಯ ಹತ್ತಿರ ಹೋಗಿ, ಅದು ಸಮಮಟ್ಟದಲ್ಲಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರು. ಕೆಳಗಿನ ತಿರುಪನ್ನು ಸರಿಮಾಡಲು ತುಸು ಎತ್ತಿದಾಗ ಅದರ ತಳದಲ್ಲಿ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದ ಅಕ್ಷರ ಅವರಿಗೆ ಕಂಡಿತು: ‘ಯ’.

“ಇದೇನಿದು?”

ನನಗೂ ಗೊತ್ತಿರಲಿಲ್ಲ. ಪ್ರಾಚಾರ್ಯರು ಮಾತ್ರ ತಡವರಿಸದೆ, “ಅದು ನಮ್ಮ ಕ್ರಮಸಂಖ್ಯೆ ಮೇಡಂ,” ಎಂದರು.

“ಅ ಆ ಇ ಈ ಎಲ್ಲ ಮುಗಿದು ‘ಯ’ವರೆಗೆ ಬಂದಿದೀರಾ? ಬಹಳ ಸಾಮಾನು ಇರಬೇಕು.” ಮೇಡಂ ಇನ್‌ಕ್ಯುಬೇಟರಿನ ಹಿಂದೆ ಹೋಗಿ ಇಣುಕಿದರು. “ಇಲ್ಲಿ ‘ಸಿ’ ಇದೆ.”

ಅಷ್ಟರಲ್ಲಿ ಮಾಬ್ಲ ಚಹಾದ ಟ್ರೇ ಹಿಡಿದು ಒಳಗೆ ಬಂದ. ತನ್ನ ಅಕ್ಷರವನ್ನು ಯಾರೋ ದೊಡ್ಡವರು ಓದುತ್ತಿದ್ದಾರೆ ಎಂದು ಅವನಿಗೆ ಖುಷಿಯಾಯಿತು.

“ಅದು ನಾ ಬರ್ದಿದ್ದು ಮೇಡಂ. ‘ಯ’ ಅಂದ್ರೆ ಯಲ್ಲಾಪುರದ್ದು, ‘ಸಿ’ ಅಂದ್ರೆ ಸಿದ್ದಾಪುರದ್ದು. ಮದ್ವೆಗೆ ಪಾತ್ರೆ ತಂದ್ರೆ ಕಂಠದಲ್ಲಿ ಮನೆ ಹೆಸ್ರು ಇರ್ತದಲ್ಲ, ಹಾಗೆ. ನೀವು ಹೋದ್ಮೇಲೆ ವಾಪಸ್ ಕೊಡ್ಬೇಕಲ್ಲ, ಅದಲು ಬದಲು ಆಗ್ಬಾರ್ದು ಹೇಳಿ.”

ಹೆಗಡೆ ಸರ್ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಮೇಡಂ ಚಹಾ ತೆಗೆದುಕೊಂಡು, ಪೂರ್ತಿ ಕುಡಿದು, ಮಾಬ್ಲನಿಗೆ ಚೆನ್ನಾಗಿದೆ ಎಂದು ಹೇಳಿ ಹೊರಟರು.

ಜೀಪಿನ ತನಕ ಬಿಡಲು ಹೋದವಳು ನಾನೊಬ್ಬಳೇ. ಅವರು ಫೈಲು ತೆರೆದು ನನ್ನ ಪುಟ ತೋರಿಸಿದರು.

“ಇದನ್ನ ಬರೆದವರು ಯಾರು?”

ಪ್ರಾಚಾರ್ಯರು ಹೇಳಿದ್ದಕ್ಕೆ ಬರೆದೆ ಎನ್ನಬಹುದಿತ್ತು. ಆದರೆ ಕೈಬರಹ ನನ್ನದು. “ನಾನೇ ಮೇಡಂ.”

“ನಿಮಗಿಂತ ನಿಮ್ಮ ಅಟೆಂಡರ್ ಚೆನ್ನಾಗಿ ಬರೀತಾರೆ ಕಣಮ್ಮ. ಯಾವುದು ಯಾರದು, ಎಲ್ಲಿಗೆ ವಾಪಸ್ ಹೋಗ್ಬೇಕು, ಎಲ್ಲ ಒಂದೇ ಅಕ್ಷರದಲ್ಲಿ ಇದೆ. ನೀವು ಒಂದು ಪುಟ ಬರೆದರೂ ಅದು ಗೊತ್ತಾಗಲ್ಲ.” ಜೀಪಿನಲ್ಲಿ ಕುಳಿತ ಮೇಲೆ ಮತ್ತೆ ಹೇಳಿದರು: “ಅನುದಾನ ಬೇಡ ಅಂತಲೇ ನಾನು ಬರೆಯಬೇಕು, ಬರೀತೀನಿ. ಇನ್ನೊಂದು ಸುತ್ತಿನ ಅರ್ಜಿ ಫೆಬ್ರವರಿಯಲ್ಲಿದೆ. ಹಾಕೋದಾದ್ರೆ ನಿಮ್ಮ ಅಟೆಂಡರ್ ಹಾಗೆ ಬರೆದು ಹಾಕಿ.”

ಆ ದಿನ ನನಗಾದಷ್ಟು ಅವಮಾನ ಡಿಗ್ರಿ ಫೇಲಾದ ದಿನವೂ ಆಗಿರಲಿಲ್ಲ. ಪ್ರಾಚಾರ್ಯರು ಮಾಬ್ಲನಿಗೆ ಬೈದರು. ಮಾಬ್ಲ, “ಸರ್, ಅಕ್ಷರ ಬರೀದೇ ಇದ್ರೆ ಹೋದ ಸಲದ ಹಾಗೆ ಸಿದ್ದಾಪುರದ ಡಬ್ಬಿ ಯಲ್ಲಾಪುರಕ್ಕೆ ಹೋಗ್ತಿತ್ತು,” ಎಂದ. ಅದು ಸತ್ಯವಾಗಿತ್ತು. ಮರುದಿನವೇ ಬಡಗಿಯೊಬ್ಬ ಬಂದು ಟೇಪು ಹಿಡಿದು ನಮ್ಮ ಗೋಡೆಗಳನ್ನು ಅಳೆದು ಹೋದ. ನಾನು ನಡುವೆ ನಿಂತಿದ್ದೆ. “ಸ್ವಲ್ಪ ಆಚೆ ಹೋಗ್ರಿ ಅಕ್ಕಾ, ಮೇಜು ನೀವು ನಿಂತಲ್ಲೇ ಬರೂದು,” ಎಂದ.

ಶನಿವಾರ ಮನ್ಮನೆಗೆ ಹೋದೆ. ಅಪ್ಪನ ಹತ್ತಿರ ಎಲ್ಲ ಹೇಳಿದೆ. ಅವನು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಎರವಲು ತಂದದ್ದು ತಪ್ಪಲ್ಲ. ನಾನೂ ಹೂಟಿಗೆ ಒಂದೆತ್ತು ಪಕ್ಕದ ಮನೆಯಿಂದ ತರ್ತೆ. ಆದ್ರೆ ಎತ್ತು ಇದೆ ಅಂತ ನಾ ಯಾರಿಗೂ ಹೇಳೂದಿಲ್ಲ. ಯಾವ ದಿನ ಸಿಗ್ತದೆ ಅಂತ ಮೊದ್ಲು ಕೇಳಿ ಬತ್ತೆ. ಹದ ಇದ್ದ ದಿನ ಸಿಗದೇ ಇದ್ದ ಎತ್ತು ಇದ್ರೆಷ್ಟು, ಬಿಟ್ರೆಷ್ಟು?”

ಇಷ್ಟು ವರ್ಷಗಳಲ್ಲಿ ನಾನು ಎಷ್ಟೋ ಕಾರ್ಯಾಗಾರಗಳಿಗೆ ಹೋಗಿದ್ದೇನೆ. ಸೌಲಭ್ಯ ಎಂದರೇನು ಎಂದು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ಕಂಡಿಲ್ಲ. ವಸ್ತು ಎಲ್ಲಿದೆ ಎಂಬುದಷ್ಟೇ ಅಲ್ಲ, ಬೇಕಾದ ದಿನ ಬೇಕಾದ ಕೆಲಸಕ್ಕೆ ಕೈಗೆ ಸಿಗುತ್ತದೆಯೆ ಎಂಬುದು ಮುಖ್ಯ. ಸೋಮವಾರ ಬಂದವಳೇ ಹೆಗಡೆ ಸರ್‌ಗೆ ಹೇಳಿದೆ: “ಮೂರನೇ ಸಲ ಹಾಕೋಣ ಸರ್. ಆದರೆ ನಾನು ಮೊದಲು ಯಲ್ಲಾಪುರಕ್ಕೂ ಸಿದ್ದಾಪುರಕ್ಕೂ ಹೋಗಿ ಬರ್ಬೇಕು. ಬಾಯಿಮಾತಿಗೆ ಅಲ್ಲ, ಕಾಗದಕ್ಕೆ.”

ಸಿದ್ದಾಪುರದವರು ಕೂಡಲೇ ಬರೆದುಕೊಟ್ಟರು. ಇನ್‌ಕ್ಯುಬೇಟರನ್ನು ಅವರು ವಾರಕ್ಕೊಮ್ಮೆಯೂ ಹಚ್ಚುತ್ತಿರಲಿಲ್ಲ. ಯಲ್ಲಾಪುರದಲ್ಲಿ ಕಷ್ಟವಾಯಿತು. ಅಲ್ಲಿನ ಪ್ರಾಚಾರ್ಯರು ದೇಸಾಯಿ ಸರ್, ಧಾರವಾಡದ ಕಡೆಯವರು.

“ಬರ್ರಿ, ಕೂಡ್ರಿ. ಮತ್ತ ತಕ್ಕಡಿ ಬೇಕೇನು? ನೀವು ಶಿರಸಿಯವ್ರು ಒಯ್ಯೂ ಮುಂದ ಕೈ ಮುಗೀತೀರಿ, ತಿರುಗಿ ಕೊಡೂ ಮುಂದ ಅರ್ಧಾ ನುಂಗ್ತೀರಿ. ಅದರ ಪ್ಲಾಸ್ಟಿಕ್ ಹೊದಿಕಿ ಎಲ್ಲಿ ಹೋತು?”

ಹೊದಿಕೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮಾಬ್ಲನ ಸೈಕಲ್ಲಿನ ಸೀಟಿನ ಮೇಲಿತ್ತು. “ತಂದುಕೊಡ್ತೇನೆ ಸರ್. ತಕ್ಕಡಿಯನ್ನು ಇನ್ನು ಒಯ್ಯುವುದಿಲ್ಲ. ನಾವೇ ಮಿಡಿ ತಗೊಂಡು ಇಲ್ಲಿಗೆ ಬರ್ತೇವೆ. ವಾರಕ್ಕೆ ಎರಡು ದಿನ, ನೀವು ಹೇಳಿದ ದಿನ. ಅದನ್ನು ಬರೆದುಕೊಡಿ.”

“ಬರಕೊಟ್ರ ನಮಗೇನು ಬಂತು?”

“ನಿಮ್ಮ ವಿದ್ಯಾರ್ಥಿಗಳು ನಮ್ಮಲ್ಲಿಗೆ ಬಂದು ಮಾದರಿ ಒಣಗಿಸುವ ಓವನ್ ಉಪಯೋಗಿಸಬಹುದು. ಅದನ್ನು ನಾನು ಬರೆದುಕೊಡ್ತೇನೆ. ಮತ್ತೆ ಅರ್ಜಿಯಲ್ಲಿ ನಿಮ್ಮ ಕಾಲೇಜಿನ ಹೆಸರು ನಮ್ಮ ಹೆಸರಿನ ಪಕ್ಕದಲ್ಲೇ ಇರ್ತದೆ.”

“ಪಕ್ಕದಾಗೋ, ಕೆಳಗೋ?”

“ಪಕ್ಕದಲ್ಲಿ ಸರ್. ಅದೇ ಸಾಲಿನಲ್ಲಿ.”

“ನಿಮ್ಮ ಪ್ರಾಚಾರ್ಯರಿಗೆ ಇದು ಗೊತ್ತೈತೇನ್ರಿ?” ಎಂದರು. ಗೊತ್ತಿರಲಿಲ್ಲ. ಓವನ್ ಕೊಡಲು ನಾನು ಯಾರು? “ಸಂಜೆಯೊಳಗೆ ಗೊತ್ತಾಗ್ತದೆ ಸರ್,” ಎಂದೆ. ದೇಸಾಯಿ ಸರ್ ಜೋರಾಗಿ ನಕ್ಕು ಪೆನ್ನು ತೆಗೆದರು. ಮಂಗಳವಾರ ಮತ್ತು ಶುಕ್ರವಾರ ಎಂದು ಬರೆದು ಸಹಿ ಹಾಕಿ, “ಹೊದಿಕಿ ಮರೀಬ್ಯಾಡ್ರಿ,” ಎಂದರು. ಸಂಜೆ ನಮ್ಮ ಪ್ರಾಚಾರ್ಯರಿಂದ ಬೈಸಿಕೊಂಡೆ. ಬೈದು ಮುಗಿಸಿದ ಮೇಲೆ ಅವರೂ ಸಹಿ ಹಾಕಿದರು.

ಮಿಡಿಯೇ ಇಲ್ಲದೆ ತಕ್ಕಡಿ ಇದ್ದೇನು ಫಲ? ಮರಗಳು ಕೂಡ ಸೌಲಭ್ಯವೇ, ಅವೂ ನಮ್ಮವಲ್ಲ. ಮರದ ಯಜಮಾನರ ಒಪ್ಪಿಗೆಪತ್ರಕ್ಕಾಗಿ ನಾನೂ ಹೆಗಡೆ ಸರೂ ತಿರುಗಿದೆವು. ಒಳ್ಳೆಯ ಅಪ್ಪೆಮರ ಇದ್ದವರು ಅದು ಎಲ್ಲಿದೆಯೆಂದು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ಮಿಡಿ ಇರುವುದಿಲ್ಲ. ಮಂಚಿಕೇರಿ ಹತ್ತಿರದ ಭಟ್ಟರೊಬ್ಬರು ಉಪ್ಪಿನಕಾಯಿ ರುಚಿ ತೋರಿಸಿದರು, ಊಟ ಹಾಕಿಸಿದರು, ಸಹಿ ಎಂದ ಕೂಡಲೇ ಕೈ ತೊಳೆಯಲು ಎದ್ದರು.

“ಎಂತಕ್ಕೆ ತಂಗಿ ಸಹಿ? ಆ ಮರ ಎಲ್ಲಿದ್ದು ಹೇಳಿ ಯನ್ನ ಅಳಿಯಂಗೂ ಹೇಳಿದ್ನಿಲ್ಲೆ. ನಿಂಗ ಬೆಂಗಳೂರಿಗೆ ಬರೆದು ಕಳಿಸ್ತ್ರಿ!”

“ಜಾಗ ಬರೆಯುವುದಿಲ್ಲ ಭಟ್ಟರೇ. ಮರಕ್ಕೊಂದು ನಂಬರು ಕೊಡ್ತೇವೆ. ಮಿಡಿ ನೀವೇ ಕೊಯ್ದು ತಂದುಕೊಡಿ, ನಾವು ಮರದ ಹತ್ತಿರ ಬರುವುದೂ ಇಲ್ಲ. ಕಸಿಯ ಕಡ್ಡಿಯೂ ನೀವೇ ಕೊಟ್ಟದ್ದು.”

ಭಟ್ಟರು ಎಲೆಯಡಿಕೆಯ ಕವಳ ಮಡಚಿ ಬಾಯಿಗೆ ಹಾಕಿಕೊಂಡರು. ಕೊನೆಗೆ, “ಹಂಗಾರೆ ಒಂದ್ನೇ ನಂಬರು ಯನ್ನ ಮರಕ್ಕೇ ಕೊಡವು,” ಎಂದರು. ಅವರ ಮರಕ್ಕೇ ಕೊಟ್ಟೆವು. ಹೆಗಡೆ ಸರ್ ದಾರಿಯುದ್ದಕ್ಕೂ ನಗುತ್ತ ಬಂದರು. ಆ ಚಳಿಗಾಲದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಪುಟ ಬರೆಯಲು ಕುಳಿತೆ. ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಹೀಗಿತ್ತು: ‘ತಕ್ಕಡಿ ಯಲ್ಲಾಪುರ ಕಾಲೇಜಿನದು. ಮಂಗಳವಾರ, ಶುಕ್ರವಾರ ನಮಗೆ ಸಿಗುತ್ತದೆ. ಬೆಳಗಿನ ಬಸ್ಸಿಗೆ ಮಾದರಿ ಒಯ್ದು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತೇವೆ. ಅಷ್ಟರಲ್ಲಿ ಮಿಡಿ ಬಾಡುವುದಿಲ್ಲ, ನೋಡಿದ್ದೇವೆ. ಇನ್‌ಕ್ಯುಬೇಟರ್ ಸಿದ್ದಾಪುರ ಕಾಲೇಜಿನದು. ಯೋಜನೆ ಮುಗಿಯುವವರೆಗೆ ನಮ್ಮಲ್ಲಿಡಲು ಒಪ್ಪಿದ್ದಾರೆ. ಓವನ್ ನಮ್ಮದು. ವಿದ್ಯುತ್ತು ದಿನವೂ ಕೆಲವು ಗಂಟೆ ಇರುವುದಿಲ್ಲ. ಆದ್ದರಿಂದ ಒಣಗಿಸುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸುತ್ತೇವೆ. ಕಸಿ ಕಟ್ಟುವ ಕೆಲಸಕ್ಕೆ ನಮ್ಮ ಅಟೆಂಡರ್ ಇದ್ದಾರೆ. ಅವರು ಕಟ್ಟಿದ ಕಸಿಗಿಡಗಳು ಕಾಲೇಜಿನ ಹಿಂದೆ ಇವೆ, ಬಂದು ನೋಡಬಹುದು. ಸೂಕ್ಷ್ಮದರ್ಶಕಗಳು ಎಂಟು, ಅವುಗಳಲ್ಲಿ ಸರಿಯಾಗಿ ಕಾಣುವವು ಐದು.’ ಪ್ರತಿ ಸಾಲಿಗೂ ಒಂದು ಪತ್ರ ಲಗತ್ತಿಸಿದೆ. ಒಂದೂವರೆ ಪುಟ, ಹೆಚ್ಚಿಲ್ಲ.

ಪ್ರಾಚಾರ್ಯರು ಓದಿ ಹಣೆಗೆ ಕೈಯಿಟ್ಟರು. “ಐದೇ ಕಾಣ್ತದೆ ಅಂತ ಬೇರೆ ಬರೀಬೇಕಿತ್ತಾ? ಬಡತನ ತೋರಿಸಿದ ಹಾಗಾಯ್ತು.”

“ಬಂದು ನೋಡಿದ್ರೆ ಐದೇ ಕಾಣ್ತದೆ ಸರ್,” ಎಂದ ಮಾಬ್ಲ ಬಾಗಿಲಿನಿಂದ. ಪ್ರಾಚಾರ್ಯರು ಸಹಿ ಹಾಕಿದರು.

ಅರ್ಜಿ ಹೋಯಿತು. ಮಾರ್ಚ್ ಕಳೆಯಿತು. ಮಿಡಿಯ ಕಾಲ ಮುಗಿಯುತ್ತ ಬಂತು. ಉತ್ತರಕ್ಕೆ ಕಾಯದೆ ಹೆಗಡೆ ಸರ್ ಸ್ವಂತ ಖರ್ಚಿನಲ್ಲಿ ಭರಣಿಗಳನ್ನು ತಂದು ಮಿಡಿ ಹಾಕಿಟ್ಟರು. ಯೋಜನೆ ಬಾರದಿದ್ದರೂ ಮಿಡಿ ತನ್ನ ಪಾಡಿಗೆ ಉಪ್ಪುಹಿಡಿಯುತ್ತದೆ ಎಂದರು. ಭರಣಿಗಳನ್ನು ಸಾಲಾಗಿ ಇಡುವಾಗ ಮೆಟ್ಟಿಲ ಕೆಳಗಿನ ಗೂಡಿಗೆ ಎಷ್ಟು ಹಿಡಿಸೀತು ಎಂದು ಅವರು ಮನಸ್ಸಿನಲ್ಲೇ ಅಳೆಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ನಾನೂ ಅದನ್ನೇ ಮಾಡುತ್ತಿದ್ದೆ. ರಜೆ ಶುರುವಾಗುವ ವಾರ ಅಂಚೆಯವನು ಲಕೋಟೆ ತಂದ. ಒಡೆಯಲು ಹೆಗಡೆ ಸರ್‌ಗೆ ಧೈರ್ಯವಾಗಲಿಲ್ಲ, ನನ್ನ ಕೈಗೆ ಕೊಟ್ಟರು. ಕೇಳಿದ್ದಕ್ಕಿಂತ ಕಡಿಮೆಯೇ ಮಂಜೂರಾಗಿತ್ತು, ಆದರೆ ಆಗಿತ್ತು. ಮೂರು ಕಾಲೇಜುಗಳ ಹೆಸರೂ ಒಂದೇ ಸಾಲಿನಲ್ಲಿದ್ದವು. ಕೆಳಗೆ ಒಂದು ಷರತ್ತು: ಯೋಜನೆ ಮುಗಿಯುವವರೆಗೆ ಶಿರಸಿಯ ಪ್ರಯೋಗಾಲಯವನ್ನು ಬೇರೆ ಉಪಯೋಗಕ್ಕೆ ಬಳಸಬಾರದು. ಆ ಸಾಲನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಮಾಬ್ಲ, “ಮತ್ತೊಂದ್ಸಲ ಓದಿ ಅಕ್ಕಾ,” ಎಂದ. ಓದಿದೆ.

ಎರಡು ದಿನ ಬಿಟ್ಟು ಬಡಗಿ ಗಾಡಿ ತುಂಬ ಮೇಜುಗಳನ್ನು ತಂದು ಇಳಿಸಿದ. ಕಂಪ್ಯೂಟರಿಗೆಂದು ಮಾಡಿಸಿದ ಆರು ಮೇಜು, ಒಂದೊಂದರ ನಡುವೆ ತಂತಿ ಇಳಿಸಲು ಒಂದೊಂದು ದುಂಡನೆಯ ತೂತು. ಪ್ರಾಚಾರ್ಯರು ಜಗುಲಿಯಲ್ಲಿ ನಿಂತು ನೋಡಿದರು.

“ಕಂಪ್ಯೂಟರಿಗೆ ನನ್ನ ಪಕ್ಕದ ಕೋಣೆ ಬಿಡಿಸ್ತೇನೆ. ಅಲ್ಲಿ ಈ ಮೇಜು ಹಿಡಿಸೂದಿಲ್ಲ. ತೂತು ಬೇರೆ ಕೊರ್ಸಿದ್ದೇನಲ್ರೀ ಗಿರಿಜಾ ಅವ್ರೇ, ಇವನ್ನು ಈಗ ಯಾರು ತಗೊಳ್ತಾರೆ?”

ನಾವು ತೆಗೆದುಕೊಂಡೆವು. ಆ ತೂತಿನಲ್ಲಿ ಗಾಜಿನ ಆಲಿಕೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕುಳಿತುಕೊಂಡಿತು. ಮೇಲಿನಿಂದ ಭರಣಿಯ ನೀರು ಸುರಿದರೆ ಕೆಳಗಿಟ್ಟ ಬಾಟಲಿಗೆ ತೊಟ್ಟಿಕ್ಕುತ್ತಿತ್ತು. ಯಾರೂ ಹಿಡಿದು ನಿಲ್ಲಬೇಕಾಗಿರಲಿಲ್ಲ.

ವರ್ಷದ ಕೊನೆಗೆ ಯೋಜನೆಯ ವರದಿ ಕಳಿಸುವಾಗ ಸೌಲಭ್ಯಗಳ ಪುಟಕ್ಕೆ ಒಂದು ಸಾಲು ಸೇರಿಸಿದೆ: ‘ಮೇಜುಗಳು ಆರು, ಪ್ರತಿಯೊಂದಕ್ಕೂ ಒಂದು ತೂತು. ಕಂಪ್ಯೂಟರಿಗಾಗಿ ಮಾಡಿಸಿದ್ದು, ಉಪ್ಪುನೀರು ಸೋಸಲು ಬಹಳ ಅನುಕೂಲವಾಗಿವೆ.’ ಪ್ರಾಚಾರ್ಯರು ಸಹಿಗೆ ಪೆನ್ನು ಎತ್ತಿದವರು ಅಲ್ಲೇ ನಿಲ್ಲಿಸಿ, ಆ ಸಾಲನ್ನು ಮತ್ತೊಮ್ಮೆ ಓದಿದರು. ಹೊಡೆದುಹಾಕುತ್ತಾರೆ ಎಂದುಕೊಂಡೆ.

“‘ಬಹಳ’ ಬೇಡ,” ಎಂದರು. “ಇದ್ದಷ್ಟೇ ಬರೆಯಿರಿ.”

ಅದೊಂದನ್ನು ಹೊಡೆದು ಸಹಿ ಹಾಕಿದರು.